ಮಗಳ ಮನಿ ರಿಪೇರಿ: ಯಾವುದಕ್ಕ ಕೈ ಹಾಕಬೇಕು, ಯಾವುದಕ್ಕ ಹಾಕಬಾರದು

ಪ್ರಶ್ನೆ: ನಾನು ಗದಗದಾಗ ಇರಾಂವ, ಹೈಸ್ಕೂಲ್ ಮಾಸ್ತರಾಗಿ ರಿಟೈರ್ ಆಗೇನಿ, ವಯಸ್ಸು 66. ಮಗಳು ಅಳಿಯಾ ಹೋದ ವರ್ಷ ಹುಬ್ಬಳ್ಳಿ ಕೇಶ್ವಾಪುರದ ಕಡೆ ಒಂದು ಹಳೇ ಮನಿ ತಗೊಂಡ್ರು. ಇಬ್ಬರೂ ನೌಕರಿ ಮಾಡ್ತಾರ, ಟೈಮ್ ಸಿಗಂಗಿಲ್ಲ, ಅದಕ್ಕ ನಾನು ಆಗಾಗ ಬಸ್ ಹತ್ತಿ ಹೋಗಿ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು ಬರ್ತೀನಿ. ಈ ಸಲ ಮಗಳು ದೊಡ್ಡ ಲಿಸ್ಟ್ ಕಳಿಸ್ಯಾಳ. ಗೀಜರ್ ಹಚ್ಚಿ ಕಾಲು ತಾಸಿಗೆ ಎಂಸಿಬಿ (ಲೋಡ್ ಹೆಚ್ಚಾದ್ರ ತಾನ ಬೀಳೋ ಸ್ವಿಚ್) ಬೀಳ್ತೈತಿ, ಬಾಜೂ ಮನ್ಯಾವರು ದೊಡ್ಡ ಎಂಸಿಬಿ ಹಾಕಸ್ರಿ ಅಂತಾರ. ಹಾಲ್ ಫ್ಯಾನ್ ತೆವಳ್ತೈತಿ. ಬಚ್ಚಲಮನಿ ಹಿಂದಿನ ಗ್ವಾಡಿ ಯಾವಾಗ್ಲೂ ಹಸಿ. ಬೆಡ್‌ರೂಮಿನ ಕಿಡಕಿ ಮೂಲಿಯಿಂದ ಓರೆ ಸೀಳು ಬಿಟ್ಟೈತಿ, ಗೌಂಡಿ ವೈಟ್ ಸಿಮೆಂಟ್ ತುಂಬಿ ಪೇಂಟ್ ಹೊಡದ್ರ ಮುಗೀತು ಅಂದಾನ. ಅದೇ ರೂಮಿನ ಬಾಗಲಾ ಮಳಿಗಾಲ ಬಂದಾಗಿಂದ ಹಿಡೀತೈತಿ. ಮತ್ತ ಸಂಪ್ ತೊಳೀಬೇಕು. ನಾನು ಬಿಪಿ ಗುಳಿಗಿ ತಗೋತೀನಿ, ಮನಿಯಾಕಿ ಈ ವಯಸ್ಸಿನಾಗ ನಿಚ್ಚಣಕಿ ಹತ್ತಬ್ಯಾಡ್ರಿ ಅಂತ ಬೈತಾಳ. ಅಳಿಯಾ ಏನೂ ಅನ್ನಂಗಿಲ್ಲ, ಆದ್ರ ಅವರಿಗೆ ನಾನು ಕೈ ಹಾಕೋದು ಸರಿ ಬರಂಗಿಲ್ಲೇನೋ ಅನಸ್ತೈತಿ. ಯಾವುದನ್ನ ಮಾಡ್ಲಿ, ಯಾವುದನ್ನ ಬಿಡ್ಲಿ?

ಉತ್ತರ:

ಮಾಸ್ತರ್, ಲಿಸ್ಟ್ ಉದ್ದ ಐತಿ ಖರೆ, ಆದ್ರ ಅದರಾಗ ನಿಮ್ಮ ಕೈಲೆ ಆಗೋದು ಭಾಳ ಐತಿ. ಜೀವಕ್ಕ ಬರೂವಂಥಾ ಕೆಲಸಾನೂ ಒಂದು ಐತಿ, ಅದನ್ನ ನೀವು ಕಡೀಕ ಮೂರು ಶಬ್ದದಾಗ ಬರದು ಮುಗಿಸೀರಿ. ಸಂಪ್. ನಾನು ಅಲ್ಲಿಂದನ ಶುರು ಮಾಡ್ತೀನಿ.

ಸಂಪಿನೊಳಗ ಇಳೀಬ್ಯಾಡ್ರಿ. ನೀವೂ ಬ್ಯಾಡ, ಮಗಳು ಅಳಿಯಾನೂ ಬ್ಯಾಡ, ನಾಕಾದಾಗ ನಿಂತ ಕೂಲಿ ಹುಡುಗನ್ನ ಕರದು ನೂರಿನ್ನೂರು ಹೆಚ್ಚಿಗಿ ಕೊಟ್ಟು ಇಳಸೋದಂತೂ ಬ್ಯಾಡೇ ಬ್ಯಾಡ. "ಇದೇನು ಪಾಯಖಾನಿ ಗುಂಡಿ ಏನ್ರಿ, ಕುಡಿಯೋ ನೀರಿಂದು, ಇದರಾಗ ಎಲ್ಲಿಂದ ಗ್ಯಾಸ್ ಬರ್ತೈತಿ" ಅಂತ ಓದಿದ ಮಂದಿನೂ ನನ್ನ ಜೋಡಿ ವಾದ ಮಾಡ್ಯಾರ. ಗ್ಯಾಸ್ ಬರಬೇಕಂತಿಲ್ರಿ, ಆಕ್ಸಿಜನ್ ಹೋದ್ರ ಸಾಕು. ಗಾಳ್ಯಾಗ ಸುಮಾರು 21 ಪರ್ಸೆಂಟ್ ಆಕ್ಸಿಜನ್ ಇರ್ತೈತಿ, ಸದಾ ಮುಚ್ಚಿದ ಸಂಪಿನಾಗ ತಳದ ರಾಡಿ ಪಾಚಿ ಕೊಳೀತಾ ಅದನ್ನ ತಿಂತಾವ, ಒಳಗಿನ ಕಬ್ಬಣದ ಮೆಟ್ಟಲು ತುಕ್ಕು ಹಿಡಿಯೂವಾಗ ಸೈತ ಆಕ್ಸಿಜನ್ ಖರ್ಚಾಗ್ತೈತಿ. ಅದು 10 ಪರ್ಸೆಂಟಿಗಿಂತ ಕೆಳಗ ಹೋಗಿದ್ರ ಇಳದಾಂವಗ ಉಸಿರು ಕಟ್ಟಿದಂಗ ಆಗಿ ಮ್ಯಾಲೆ ಬರೋಣು ಅನ್ನಾಕ ಟೈಮ್ ಇರಂಗಿಲ್ಲ, ವಾಸನಿ ಇರಂಗಿಲ್ಲ, ಸೀದಾ ಎಚ್ಚರ ತಪ್ಪತೈತಿ. ಮ್ಯಾಲೆ ನಿಂತಾಂವ ಗಾಬರಿಯಾಗಿ ಹಿಂದ ಇಳೀತಾನ, ಅವನೂ ಬೀಳ್ತಾನ. ಪೇಪರ್‌ನಾಗ ಒಂದೇ ಮನ್ಯಾಗಿನ ಇಬ್ಬರು ಮೂವರು ಹೋದ್ರು ಅಂತ ಬರೋ ಸುದ್ದಿ ಹೆಚ್ಚಾಗಿ ಹಿಂಗ ಆದದ್ದು. ದೀಪ ಹಚ್ಚಿ ಇಳಿಸಿ ನೋಡೋ ಹಳೇ ಪದ್ಧತಿ ಐತಲ್ಲ, ಅದನ್ನೂ ನಂಬಬ್ಯಾಡ್ರಿ, ವಿಷದ ಗ್ಯಾಸ್ ಇದ್ರೂ ದೀಪ ಉರೀಬಹುದು, ಹೊತ್ತಿಕೊಳ್ಳೋ ಗ್ಯಾಸ್ ಇದ್ರ ಮತ್ತೊಂದು ಅನಾಹುತ.

ಈಗ ಮ್ಯಾಲಿಂದನ ತೊಳಿಯೋ ಮಂದಿ ಅದಾರ, ರಾಡಿ ಎಳಿಯೋ ಪಂಪ್, ಹೈ ಪ್ರೆಶರ್ ಜೆಟ್ ತರ್ತಾರ. ಕರಿಯೂವಾಗ ಒಂದೇ ಪ್ರಶ್ನೆ ಕೇಳ್ರಿ, "ನಿಮ್ಮ ಹುಡುಗರು ಒಳಗ ಇಳೀತಾರೇನು?" ಇಳೀತಾರ ಅಂದ್ರ ಬ್ಯಾರೆಯವರನ್ನ ನೋಡ್ರಿ. ಮನಿಯವರ ಮಾಡೋದಾದ್ರ ನೀರು ಖಾಲಿ ಮಾಡಿ, ಮೋಟರ್ ಪ್ಲಗ್ ಕಿತ್ತಿಟ್ಟು, ಉದ್ದ ಕೋಲಿಗೆ ಬ್ರಶ್ ಕಟ್ಟಿ ಮ್ಯಾಲಿಂದ ಎಷ್ಟು ಆಗ್ತೈತಿ ಅಷ್ಟು. ಪೆಟ್ರೋಲ್ ಡೀಸೆಲ್ ಪಂಪ್ ಒಳಗ ಇಳಸಬ್ಯಾಡ್ರಿ, ಅದರ ಹೊಗಿನೂ ಜೀವ ತಗೀತೈತಿ. ಬ್ಲೀಚಿಂಗ್ ಪೌಡರ್ ಹಾಕಿದ ಮ್ಯಾಲೆ ಕಲಿ ಹೋಗಲಿ ಅಂತ ಆಸಿಡ್ ಹಾಕಬ್ಯಾಡ್ರಿ, ಎರಡೂ ಕೂಡಿದ್ರ ಕ್ಲೋರಿನ್ ಗ್ಯಾಸ್ ಬರ್ತೈತಿ. ಯಾರಾದ್ರೂ ಒಳಗ ಬಿದ್ರ ಹಿಂದ ಇಳಿಯೋ ಬದ್ಲಿ 112ಕ್ಕ ಫೋನ್ ಹಚ್ಚಿ, ಟೇಬಲ್ ಫ್ಯಾನ್ ತಂದು ಸಂಪಿನ ಬಾಯಿ ಮುಂದ ಇಟ್ಟು ಗಾಳಿ ಹೊಡಸ್ರಿ. ಮಲಪ್ರಭಾದ ರೇಣುಕಾಸಾಗರದಿಂದ, ನೀರಸಾಗರದಿಂದ ಬರೋ ನೀರು ನಮ್ಮಲ್ಲಿ ಎಷ್ಟೋ ಓಣಿಗೆ ದಿನಾ ಬರೂದಿಲ್ಲ, ಅದಕ್ಕ ಹುಬ್ಬಳ್ಳಿಯೊಳಗ ಸಂಪ್ ಇಲ್ಲದ ಮನಿ ಹುಡುಕಬೇಕು, ಆದ್ರ ಒಳಗ ಇಳೀಬಾರದು ಅನ್ನೋ ಈ ಮಾತು ಯಾವ ಬಿಲ್ಡರೂ ಮನಿ ಕೀಲಿ ಕೊಡೂವಾಗ ಹೇಳಂಗಿಲ್ಲ.

ಇನ್ನ ಗೀಜರ್. ಬಾಜೂ ಮನ್ಯಾವರಿಗೆ ಚಾ ಕುಡಸ್ರಿ, ಅವರ ಸಲಹೆ ಮಾತ್ರ ತಗೋಬ್ಯಾಡ್ರಿ. ಎಂಸಿಬಿ ಹಾಕಿರೋದು ಗ್ವಾಡಿಯೊಳಗಿನ ವೈರ್ ಕಾಯಾಕ. 2000 ವ್ಯಾಟಿನ ಗೀಜರ್ 230 ವೋಲ್ಟಿಗೆ 9 ಆಂಪ್ಸ್ ಹತ್ರ ಎಳೀತೈತಿ, 3000 ವ್ಯಾಟಿಂದು 13. ಅಂದ್ರ 16 ಆಂಪ್ಸಿನ ಎಂಸಿಬಿಗೆ ಅದೇನು ಭಾರ ಅಲ್ಲ, ಆದ್ರೂ ಬೀಳ್ತೈತಿ ಅಂದ್ರ ಅದು ಏನೋ ಹೇಳಾಕ ಹತ್ತೈತಿ. ಹಳೇ ಮನ್ಯಾಗ ಗೀಜರ್ ಪಾಯಿಂಟಿಗೆ 2.5 ಸ್ಕ್ವೇರ್ ಎಂಎಂ ವೈರ್ ಇದ್ರ ಪುಣ್ಯ, ಎಷ್ಟೋ ಕಡೆ ಲೈಟಿನ 1.5 ವೈರಿನಾಗ ಗೀಜರ್ ಜೋಡಿಸಿದ್ದು ನೋಡೇನಿ. ಅದಕ್ಕ 32 ಆಂಪ್ಸಿನ ಎಂಸಿಬಿ ಹಾಕಿದ್ರ ವೈರಿನ ಮ್ಯಾಲಿನ ಪ್ಲಾಸ್ಟಿಕ್ ಕರಗೂ ಮಟ ಎಂಸಿಬಿ ಸುಮ್ನ ಕುಂತಿರ್ತೈತಿ.

ಯಾವಾಗ ಬೀಳ್ತೈತಿ ಅನ್ನೋದರ ಮ್ಯಾಲೆ ಅರ್ಧ ಉತ್ತರ ಸಿಗತೈತಿ. ಎಂಸಿಬಿಯೊಳಗ ಎರಡು ವ್ಯವಸ್ಥಾ ಅದಾವ, ಶಾರ್ಟ್ ಆದ್ರ ಮ್ಯಾಗ್ನೆಟ್ ಅದನ್ನ ಕಣ್ಣು ಮುಚ್ಚಿ ತಗಿಯೂದ್ರೊಳಗ ಬೀಳಸ್ತೈತಿ, ಲೋಡ್ ಹೆಚ್ಚಾಗಿ ಭಾಳ ಹೊತ್ತು ಹರದ್ರ ಬೈಮೆಟಲ್ ಪಟ್ಟಿ ಬಿಸಿಯಾಗಿ ಬಾಗಿ ಬೀಳಸ್ತೈತಿ. ನಿಮ್ಮದು ಕಾಲು ತಾಸಿಗೆ ಬೀಳ್ತೈತಿ, ಅಂದ್ರ ಬಿಸಿ ಲೆಕ್ಕದ್ದು. ಒಂದೋ ಅದೇ ಲೈನ್ ಮ್ಯಾಲೆ ವಾಷಿಂಗ್ ಮಷೀನ್ ಅಥವಾ ಮತ್ತೊಂದು ದೊಡ್ಡ ಸಾಮಾನು ಐತಿ, ಇಲ್ಲಾ ಎಂಸಿಬಿಯ ಸ್ಕ್ರೂ ಸಡಿಲಾಗಿ ಜಾಯಿಂಟ್ ಕಾಯ್ತೈತಿ ಆ ಬಿಸಿ ಪಟ್ಟಿಗೆ ಮುಟ್ಟತೈತಿ, ಇಲ್ಲಾ ಎಂಸಿಬಿನ ಹಳೇದಾಗಿ ಸೋತೈತಿ. ನನ್ನ ಅನುಭವದಾಗ ಸಡಿಲ ಸ್ಕ್ರೂನ ಹೆಚ್ಚು. ಗೀಜರ್ ಎಲಿಮೆಂಟ್ ಒಡದು ನೀರಿಗೆ ಕರೆಂಟ್ ಸೋರ್ತಿದ್ರ ಅದನ್ನ ಹಿಡಿಯೋದು ಎಂಸಿಬಿ ಕೆಲಸ ಅಲ್ಲ, ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡ್ಲೆ ಲೈನ್ ಕಡಿಯೋ ಸ್ವಿಚ್) ಕೆಲಸ, ಮತ್ತ ಹಳೇ ಮನ್ಯಾಗ ಅದು ಇರೂದೇ ಅಪರೂಪ. ಬೋರಿನ ಗಡಸು ನೀರು ಕಾಸೋ ಗೀಜರಿನಾಗ ಎಲಿಮೆಂಟ್ ಮ್ಯಾಲೆ ಸುಣ್ಣದ ಪದರು ಕುಂತು ಕಾದು ಒಡಿಯೋದು ಸಾಮಾನ್ಯ, ಗದಗದವರಿಗೆ ನಾನೇನು ಗಡಸು ನೀರಿನ ಬಗ್ಗೆ ಹೇಳೋದು. 30 ಮಿಲಿಆಂಪ್ಸಿನ ಆರ್‌ಸಿಸಿಬಿ ಒಂದು ಹಾಕಸ್ರಿ, ಅದರ ಮ್ಯಾಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ಬೀಳ್ತೈತೋ ಇಲ್ಲೋ ನೋಡೋ ರೂಢಿ ಮಗಳಿಗೆ ಹಚ್ಚರಿ. ಈ ಮನಿಗೆ ನೀವು ಮಾಡಸೋ ಖರ್ಚಿನಾಗ ಇದರಷ್ಟು ಉಪಯೋಗದ್ದು ಮತ್ತೊಂದು ಇಲ್ಲ. ಆರ್‌ಸಿಸಿಬಿ ಹಾಕಿದ ಕೂಡ್ಲೆ ಪದೇ ಪದೇ ಬೀಳಾಕ ಹತ್ತಿದ್ರ ಎಲೆಕ್ಟ್ರಿಷಿಯನ್ "ಇದು ತೆಗದುಬಿಡೋಣ್ರಿ" ಅಂತಾನ, ತೆಗೀಬ್ಯಾಡ ಅನ್ರಿ, ಮನ್ಯಾಗ ಎಲ್ಲೋ ಸೋರಿಕಿ ಮೊದಲಿಂದನ ಇತ್ತು, ಈಗ ಗೊತ್ತಾತು ಅಷ್ಟ.

ಈ ಕೆಲಸಾನ ನೀವು ಮಾಡಬ್ಯಾಡ್ರಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಮಾಡಲಿ, ನೀವು ಬಾಜೂಕ ನಿಂದರ್ರಿ. ಮೀಟರ್ ಮತ್ತ ಅದರ ಸೀಲ್ ಕರೆಂಟ್ ಕೊಡೋ ಕಂಪನಿ ಹೆಸ್ಕಾಂದು, ಅದನ್ನಂತೂ ಯಾರೂ ಮುಟ್ಟಂಗಿಲ್ಲ. ಇನ್ನೊಂದು, ಮೇನ್ ಆಫ್ ಮಾಡಿದ್ವಿ ಅಂತ ಧೈರ್ಯದಾಗ ಇರಬ್ಯಾಡ್ರಿ, ಮನ್ಯಾಗ ಇನ್ವರ್ಟರ್ ಇದ್ರ ಫ್ಯಾನ್ ಲೈಟಿನ ಲೈನಿಗೆ ಅದು ಕರೆಂಟ್ ಕೊಡ್ತಾನ ಇರ್ತೈತಿ. ಹೊರಗ ಕರೆಂಟ್ ಹೋಗಿರ್ತೈತಿ, ಮೇನ್ ಕೆಳಗ ಇರ್ತೈತಿ, ಆದ್ರೂ ಹೋಲ್ಡರಿನಾಗ 230 ವೋಲ್ಟ್. ಇನ್ವರ್ಟರಿನ ಔಟ್‌ಪುಟ್ ಬ್ಯಾರೆ ಬಂದ್ ಮಾಡಬೇಕು. ಮಾಳಿಗಿ ಮ್ಯಾಲೆ ಸೋಲಾರ್ ಪ್ಯಾನೆಲ್ ಹಾಕಿಸಿದ್ರ ಬಿಸಿಲು ಇರೂ ಮಟ ಆ ವೈರಿನಾಗ ಡಿಸಿ ಕರೆಂಟ್ ಇರ್ತೈತಿ, ಅದು ಯಾವ ಮೇನಿನ ಮಾತೂ ಕೇಳಂಗಿಲ್ಲ.

ಹಂಗಾದ್ರ ನಿಮಗೇನು ಉಳೀತು ಅಂತೀರಿ. ಆ ಮನಿ ಡಿಸ್ಟ್ರಿಬ್ಯೂಷನ್ ಬೋರ್ಡ್ ತಗದು ನೋಡ್ರಿ, ಯಾವ ಎಂಸಿಬಿ ಯಾವ ರೂಮಿಂದು ಅಂತ ಬರದಿರಂಗಿಲ್ಲ, ನೂರಕ್ಕ ನೂರು. ಮಗಳನ್ನ ಕರಕೊಂಡು ಒಂದೊಂದ ಕೆಳಗ ಮಾಡಿ ಎಲ್ಲೆಲ್ಲಿ ಹೋತು ನೋಡಿ ಸ್ಟಿಕ್ಕರ್ ಹಚ್ಚರಿ. ಹಂಗ ನೀರಿನ ವಾಲ್ವ್‌ಗಳದೂ, ಯಾವುದು ಬಚ್ಚಲದ್ದು ಯಾವುದು ಅಡಗಿಮನಿದು, ಪ್ರತಿಯೊಂದನ್ನೂ ಒಮ್ಮೆ ತಿರುವಿ ನೋಡ್ರಿ, ವರ್ಷಗಟ್ಟಲೆ ಮುಟ್ಟದ ವಾಲ್ವ್ ಕಚ್ಚಿಕೊಂಡು ಕುಂತಿರ್ತಾವ, ನಳ ಒಡದು ಮನಿ ತುಂಬ ನೀರಾದ ರಾತ್ರಿ ಅದು ತಿರುಗಂಗಿಲ್ಲ. ಈ ಕೆಲಸಕ್ಕ ಯಾವ ಪ್ಲಂಬರೂ ಬರಂಗಿಲ್ಲ, ರೊಕ್ಕ ಕೊಟ್ರೂ ಬರಂಗಿಲ್ಲ, ತಾಳ್ಮಿ ಇರೋ ರಿಟೈರ್ಡ್ ಮಾಸ್ತರಗಳ ಮಾಡಬೇಕು.

ಫ್ಯಾನಿನ ಕತಿ ಸಣ್ಣದು. ಆಫ್ ಮಾಡಿ ಕೈಲೆ ರೆಕ್ಕಿ ತಿರುವ್ರಿ, ನುಣ್ಣಗ ತಿರುಗಿ ತಡಾಗಿ ನಿಂತ್ರ ಬೇರಿಂಗ್ ಚಲೋ ಐತಿ, ಹಂಗಾದ್ರ ಕೆಪ್ಯಾಸಿಟರ್ (ಫ್ಯಾನಿಗೆ ತಿರುಗೋ ಜೋರ್ ಕೊಡೋ ಸಣ್ಣ ಡಬ್ಬಿ) ಸೋತಿರಬೇಕು. ಸೀಲಿಂಗ್ ಫ್ಯಾನಿಗೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ಕೆಲವಕ್ಕ 3.15, ಹಳೇದರ ಮ್ಯಾಲೆ ಬರದದ್ದನ್ನ ನೋಡಿ ಅದನ್ನ ತರ್ರಿ, ದುರ್ಗದಬೈಲ್ ಕಡೆ ಯಾವ ಎಲೆಕ್ಟ್ರಿಕಲ್ ಅಂಗಡ್ಯಾಗೂ ಸಿಗತೈತಿ, ನೂರು ರೂಪಾಯಿ ಒಳಗ ಮುಗೀತು. ದೊಡ್ಡದು ಹಾಕಿದ್ರ ಜೋರ್ ತಿರುಗತೈತಿ ಅನ್ನೋ ಅಂಗಡಿ ಹುಡುಗನ ಮಾತು ಕೇಳಿದ್ರ ಕಾಯಿಲ್ ಸುಡತೈತಿ. ಕರೆಂಟ್ ಬಂದ್ ಆದ ಮ್ಯಾಲೂ ಕೆಪ್ಯಾಸಿಟರಿನಾಗ ಚಾರ್ಜ್ ಉಳಿದಿರಬಹುದು, ಅದರ ಎರಡೂ ತುದಿ ಪ್ಲಾಸ್ಟಿಕ್ ಹಿಡಿಕಿ ಸ್ಕ್ರೂಡ್ರೈವರ್‌ಲೆ ಮುಟ್ಟಿಸಿ ಆಮ್ಯಾಲೆ ಕೈ ಹಚ್ಚಬೇಕು. ಮತ್ತ ಬರೇ ಸಂಜಿ ಮುಂದ ಅಷ್ಟ ತೆವಳತಿದ್ರ ಫ್ಯಾನ್ ಬಿಡ್ರಿ, ಓಣಿಯೊಳಗ ವೋಲ್ಟೇಜ್ ಇಳೀತಿರ್ತೈತಿ.

ಆದ್ರ ಅದನ್ನ ಹಾಕಾಕ ಮ್ಯಾಲೆ ಹತ್ತಬೇಕಲ್ಲ. ಇಲ್ಲಿ ನಾನು ನಿಮ್ಮ ಮನಿಯಾಕಿ ಕಡೆ. ನಿಮಗ ಶಕ್ತಿ ಇಲ್ಲ ಅಂತ ಹೇಳಾಕ ಹತ್ತಿಲ್ಲ. ಬಿಪಿ ಗುಳಿಗಿ ತಗೊಳ್ಳೋರಿಗೆ ಬಗ್ಗಿ ಎದ್ದಾಗ, ಕುಂತು ನಿಂತಾಗ ಬಿಪಿ ಒಮ್ಮೆಲೆ ಇಳದು ತಲಿ ತಿರುಗೋದು ಇರ್ತೈತಿ, ಫ್ಯಾನಿನ ಕೆಲಸದಾಗ ಕುತ್ತಿಗಿ ಹಿಂದಕ ಹಾಕಿ ಕೈ ಎತ್ತಿ ಹಿಡೀಬೇಕು, ಚಾಳೀಸ್ ಎರಡು ನಂಬರಿಂದಾಗಿದ್ರ ಕೆಳಗ ನೋಡಿದಾಗ ಮೆಟ್ಟಲು ಇದ್ದಲ್ಲೆ ಕಾಣಂಗಿಲ್ಲ. ಇಳಿಯೂವಾಗ ಕಡೀ ಮೆಟ್ಟಲಕ್ಕ ನೆಲ ಬಂತು ಅನ್ಕೊಂಡು ಕಾಲಿಟ್ಟು ಬಿದ್ದವರನ್ನ ಭಾಳ ನೋಡೇನಿ. ಹೃದಯದ್ದಕ್ಕ ರಕ್ತ ತೆಳು ಆಗೋ ಗುಳಿಗಿ ಏನಾದ್ರೂ ನಡದಿದ್ರ ತಲಿಗೆ ಸಣ್ಣ ಪೆಟ್ಟು ಬಿದ್ರೂ ದವಾಖಾನಿಗೆ ಹೋಗಬೇಕಾಗ್ತೈತಿ. ಪ್ಲಾಸ್ಟಿಕ್ ಖುರ್ಚಿ ಮ್ಯಾಲೆ ಸ್ಟೂಲ್ ಇಟ್ಟು ಹತ್ತೋ ನಮ್ಮ ಪದ್ಧತಿ ಬಗ್ಗೆ ನಾನು ಮಾತಾಡಂಗಿಲ್ಲ.

ಮಗಳು ಹತ್ತಲಿ. ನೀವು ಕೆಳಗ ನಿಚ್ಚಣಕಿ ಹಿಡದು ನಿಂತು ಯಾವ ವೈರ್ ಯಾವುದಕ್ಕ ಅಂತ ಹೇಳ್ರಿ, ಬಿಚ್ಚೋಕಿಂತ ಮೊದಲು ಮೊಬೈಲಿನಾಗ ಫೋಟೋ ತಗಸ್ರಿ. ನಿಮ್ಮ ಕೈಲೆ ಹತ್ತು ಮಿನಿಟಿನ ಕೆಲಸ, ಆಕಿಗೆ ಮೊದಲ ಸಲ ಮುಕ್ಕಾಲು ತಾಸು ಹಿಡೀತೈತಿ, ನಡುವ "ಕೊಡಿಲ್ಲೆ, ನಾ ಮಾಡ್ತೀನಿ" ಅನ್ನಾಕ ಬಾಯಿ ತುದಿ ಮಟ ಬರ್ತೈತಿ. ಮಾಸ್ತರಕಿ ಮಾಡಿದವರಿಗೆ ಆ ಮಾತು ನುಂಗೋದು ನಾನು ಕಲಸಬೇಕಾಗಿಲ್ಲ. ಅಳಿಯಾನ ವಿಷಯಾನೂ ಇಲ್ಲೇ ಬರ್ತೈತಿ. ಅವರು ಬ್ಯಾಸರ ಮಾಡ್ಕೊಂಡಾರೋ ಇಲ್ಲೋ ನನಗ ಗೊತ್ತಾಗಂಗಿಲ್ಲ, ಆದ್ರ ಇಂಥಾ ಮನಿಗಳಿಗೆ ಹೋಗಿ ಬಂದು ನಾನು ಕಂಡದ್ದು ಏನಂದ್ರ, ಮಾವ ಗ್ವಾಡಿಗೆ ಡ್ರಿಲ್ ಹಚ್ಚಿದ್ದು ಅವರಿಗೆ ತ್ರಾಸ ಆಗಂಗಿಲ್ಲ, ತಾವು ಆಫೀಸಿನಿಂದ ಬರೂದ್ರೊಳಗ ತಮ್ಮ ಮನ್ಯಾಗ ಏನೋ ಬದಲಾಗಿರ್ತೈತಿ ಅದು ತ್ರಾಸ ಆಗ್ತೈತಿ. ಲಿಸ್ಟ್ ಮಗಳ ಕಡಿಂದ ಅಷ್ಟ ಬರ್ತೈತಿ, ಅವರ ಕಡಿಂದ ಬಂದಿರಂಗಿಲ್ಲ. ಸೀದಾ ಒಂದು ಫೋನ್ ಹಚ್ಚಿ "ಈ ಐತವಾರ ಬರ್ತೀನಿ, ಇದು ಇದು ಮಾಡೋಣು ಅಂತ, ನೀವು ಏನಂತೀರಿ" ಅಂತ ಅವರನ್ನ ಕೇಳ್ರಿ. ಬ್ಯಾಡ ಅಂದ್ರ ಬಿಡ್ರಿ. ಅಳಿಯಾನ ಕೈಯಾಗ ಮೀಟರ್ ಟೇಪ್ ಕೊಟ್ಟು ಅಳತಿ ಹಿಡೀರಿ ಅಂದ್ರೂ ಅರ್ಧ ಬಿಗುವು ಇಳೀತೈತಿ.

ಬಚ್ಚಲ ಹಿಂದಿನ ಹಸಿ ಗ್ವಾಡಿಗೆ ಬರೋಣು. ಡ್ಯಾಂಪ್ ಪ್ರೂಫ್ ಪೇಂಟ್ ಒಳಗಿಂದ ಹೊಡದ್ರ ಒಂದು ಮಳಿಗಾಲ ಮುಖ ಮುಚ್ಚತೈತಿ, ಆಮ್ಯಾಲೆ ಬೊಬ್ಬಿ ಎದ್ದು ಪ್ಲಾಸ್ಟರ್ ಸಮೇತ ಉದರತೈತಿ, ಯಾಕಂದ್ರ ನೀರು ಬರೋದು ಹಿಂದಿಂದ. ಮೊದಲು ನೀರು ಯಾವುದು ಅಂತ ಹಿಡೀಬೇಕು, ಪ್ರೆಶರಿನ ಪೈಪಿಂದೋ, ಬಳಸಿ ಬಿಟ್ಟ ನೀರಿಂದೋ. ರಾತ್ರಿ ಎಲ್ಲಾ ನಳ ಬಂದ್ ಮಾಡಿ, ಫ್ಲಶ್ ಟ್ಯಾಂಕಿನ ವಾಲ್ವೂ ಬಂದ್ ಮಾಡಿ, ಮಾಳಿಗಿ ಮ್ಯಾಲಿನ ಟಾಕಿಯ ನೀರಿನ ಮಟ್ಟಕ್ಕ ಗುರ್ತು ಹಾಕ್ರಿ, ಅದನ್ನೂ ಮಗಳೇ ಹೋಗಿ ಹಾಕಲಿ. ಮುಂಜಾನೆ ಮಟ್ಟ ಇಳದಿದ್ರ ಪೈಪ್ ಸೋರ್ತೈತಿ. ಇಳದಿಲ್ಲಂದ್ರ ನಹಾಣಿ ಟ್ರ್ಯಾಪಿನ (ನೆಲದ ನೀರು ಹೊರಗ ಹೋಗೋ ಬಾಯಿ) ಜಾಯಿಂಟ್ ಇಲ್ಲಾ ಟೈಲ್ಸಿನ ಸಂದಿ. ನಹಾಣಿ ಬಾಯಿಗೆ ಬಟ್ಟಿ ಪ್ಲಾಸ್ಟಿಕ್ ತುರುಕಿ ನೆಲದ ಮ್ಯಾಲೆ ಎರಡು ಬೆರಳು ನೀರು ನಿಂದರಿಸಿ ಒಂದು ದಿನ ಬಿಡ್ರಿ, ಅಷ್ಟೊತ್ತು ಬಚ್ಚಲ ಬಳಸಂಗಿಲ್ಲ ಅಂತ ಎಲ್ಲಾರಿಗೂ ಹೇಳ್ರಿ, ನೀರು ಇಳದ್ರ ಟೈಲ್ಸ್ ಸಂದಿ, ಇಳೀಲಿಲ್ಲ ಅಂದ್ರ ಟ್ರ್ಯಾಪಿನ ಕೆಳಗಿನ ಪೈಪ್. ಟೈಲ್ಸ್ ಸಂದಿ ಕೆರದು ಎಪಾಕ್ಸಿ ಗ್ರೌಟ್ ತುಂಬೋದು ಕುಂತು ಮಾಡೋ ಕೆಲಸ, ಬೇಕಾದ್ರ ನೀವೇ ಮಾಡ್ರಿ, ಕೈಗವುಸು ಹಾಕ್ಕೊಂಡು ಕಿಡಕಿ ತಗದು ಮಾಡ್ರಿ. ಪೈಪ್ ಅಂದ್ರ ಪ್ಲಂಬರ್. ಯಾವುದ ಆದ್ರೂ ಸೋರಿಕಿ ನಿಂತ ಮ್ಯಾಲೆ ಗ್ವಾಡಿ ಪೂರಾ ಒಣಗಾಕ ತಿಂಗಳುಗಟ್ಟಲೆ ಹಿಡೀತೈತಿ, ಅಲ್ಲಿ ಮಟ ಪೇಂಟಿನ ಡಬ್ಬಿ ತಗೀಬ್ಯಾಡ್ರಿ. ನಳದ ನೀರು ಸಣ್ಣಗ ಬರ್ತೈತಿ ಅಂತನೂ ಮುಂದ ಹೇಳ್ತಾಳ ನೋಡ್ರಿ ಮಗಳು, ದಿನಾ ಬರದ ನೀರು ಬಂದಾಗ ಪೈಪಿನಾಗಿನ ಉಸುಕು ಹೊತಗೊಂಡು ಬರ್ತೈತಿ, ನಳದ ಬಾಯಾಗಿನ ಜಾಳಗಿ ಬಿಚ್ಚಿ ಲಿಂಬಿಹಣ್ಣಿನ ರಸದಾಗ ನೆನಸಿಟ್ಟು ತೊಳದ್ರ ಹೊಸಾದಾಗ್ತೈತಿ.

ಈಗ ಸೀಳು ಮತ್ತ ಬಾಗಲಾ. ನೀವು ಎರಡು ಬ್ಯಾರೆ ಬ್ಯಾರೆ ಅಂತ ಬರದೀರಿ, ಆದ್ರ ಒಂದೇ ರೂಮಿನಾಗ ಅದಾವಲ್ಲ, ನನಗ ಇಡೀ ಪತ್ರದಾಗ ಕುತೂಹಲ ಹುಟ್ಟಿಸಿದ್ದು ಇದು.

ನಿಮಗ ಎರಿ ಮಣ್ಣಿನ ಗುಣ ಗೊತ್ತದ. ಗದಗ, ಅಣ್ಣಿಗೇರಿ, ನವಲಗುಂದ, ಇತ್ತ ಹುಬ್ಬಳ್ಳಿ ಮೂಡಣ ದಿಕ್ಕು ಎಲ್ಲಾ ಎರಿ, ಧಾರವಾಡ ದಾಟಿ ಪಡುವಣಕ್ಕ ಹೋದಂಗ ಕೆಂಪು ಮಣ್ಣು, ಜಂಬಿಟ್ಟಿಗಿ ಕಲ್ಲು. ಎರಿ ಮಣ್ಣು ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗಿ ಕಾಲು ಸಿಗಬೀಳುವಷ್ಟು ಬಿರುಕು ಬಿಡತೈತಿ, ಬ್ಯಾಸಿಗ್ಯಾಗ ಹೊಲದಾಗ ನೀವೇ ನೋಡಿರ್ತೀರಿ. ಅದರ ಮ್ಯಾಲೆ ಕುಂತ ಪಾಯಾನೂ ವರ್ಷಾ ಸ್ವಲ್ಪ ಏರಿ ಸ್ವಲ್ಪ ಇಳೀತೈತಿ. ಮನಿ ಪೂರಾ ಒಂದೇ ಸವನ ಏರಿಳದ್ರ ಏನೂ ಆಗಂಗಿಲ್ಲ, ಒಂದು ಮೂಲಿಗೆ ಅಷ್ಟ ನೀರು ಬಿದ್ದು ಇನ್ನೊಂದು ಮೂಲಿ ಒಣಗಿದ್ರ ಗ್ವಾಡಿ ತಿರುಚತೈತಿ, ಗ್ವಾಡ್ಯಾಗ ಎಲ್ಲಕ್ಕಿಂತ ಸೋಲೋ ಜಾಗಾ ಅಂದ್ರ ಕಿಡಕಿ ಬಾಗಲದ ಮೂಲಿ, ಅಲ್ಲಿಂದ ಓರೆ ಸೀಳು ಹೊಂಡತೈತಿ. ರೂರ್ಕಿಯ ಸಿಬಿಆರ್‌ಐ ಅನ್ನೋ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥಾ ಮಣ್ಣಿಗಂತ ಅಂಡರ್ ರೀಮ್ಡ್ ಪೈಲ್ ಪಾಯಾ ರೂಪಿಸಿದ್ರು, ಮ್ಯಾಲಿನ ಆಡೋ ಮಣ್ಣು ದಾಟಿ ಕೆಳಗ ಗಟ್ಟಿ ಹಿಡಿಯೋ ಹಂಗ ತುದಿಗೆ ಗಡ್ಡಿ ಇರೋ ಕಂಬ. ಹಳೇ ಮನಿಗಳಿಗೆ ಅದೆಲ್ಲಾ ಎಲ್ಲಿ, ಕಲ್ಲಿನ ಪಾಯಾ, ಅದೂ ಎಷ್ಟು ಆಳ ಐತೋ ದೇವರಿಗೆ ಗೊತ್ತು.

ಎಲ್ಲಾ ಸೀಳು ಒಂದೇ ಅಲ್ಲ ಅನ್ನೋದೂ ನೆನಪಿರಲಿ. ಕೂದಲೆಳಿ ಹಂಗ ಜಾಲಿ ಜಾಲಿ ಇದ್ರ ಬರೇ ಪ್ಲಾಸ್ಟರ್. ಸ್ಲ್ಯಾಬ್ ಕೆಳಗ ಗ್ವಾಡಿ ಕೂಡೋ ಕಡೆ ಅಡ್ಡ ಗೆರಿ ಹೊಡದಂಗ ಇದ್ರ ಹೆಚ್ಚಾಗಿ ಮಾಳಿಗಿ ಬಿಸಿಲಿಗೆ ಹಿಗ್ಗಿ ಕುಗ್ಗಿದ್ದು, ಅಂಜೋದು ಬ್ಯಾಡ. ಓರೆ ಹೋಗಿದ್ದು, ಮೆಟ್ಟಲು ಮೆಟ್ಟಲಾಗಿ ಇಟ್ಟಂಗಿ ಸಂದಿ ಹಿಡದು ಹೋಗಿದ್ದು, ಗ್ವಾಡಿಯ ಎರಡೂ ಕಡೆ ಒಂದೇ ಜಾಗಾದಾಗ ಕಾಣೋದು ಪಾಯಾದ್ದು ಇರಬಹುದು.

ಅದನ್ನ ಖಾತ್ರಿ ಮಾಡಾಕ ಬಾಗಲಾನ ನಿಮಗ ಸಾಕ್ಷಿ. ಮಳಿಗಾಲದಾಗ ಕಟ್ಟಿಗಿ ತೇವ ಹೀರಿ ಅಗಲಾಗಿ ಹಿಡಿಯೋದು ಬ್ಯಾರೆ, ಚೌಕಟ್ಟ ಸೊಟ್ಟಾಗಿ ಹಿಡಿಯೋದು ಬ್ಯಾರೆ. ಬಾಗಲಾ ಹಾಕಿ ಸುತ್ತಲಿನ ಸಂದಿ ನೋಡ್ರಿ. ಚಿಲಕದ ಕಡೆ ಮ್ಯಾಲಿಂದ ಕೆಳಗಿನ ಮಟ ಒಂದೇ ಸವನ ಬಿಗಿ ಇದ್ರ ಕಟ್ಟಿಗಿ ಉಬ್ಬಿದ್ದು. ಮ್ಯಾಲಿನ ಒಂದು ಮೂಲಿಗೆ ಅಷ್ಟ ಹಿಡದು, ಅದರ ಬಾಜೂಕ ಸಂದಿ ಬೆಣಿ ಹಂಗ ಅಗಲಾಕ್ಕೊಂತ ಹೋದ್ರ ಚೌಕಟ್ಟ ತಿರುಚೈತಿ. ಟೇಪ್ ಹಿಡದು ಚೌಕಟ್ಟಿನ ಎರಡೂ ಮೂಲಿಯಿಂದ ಮೂಲಿಗೆ ಓರೆ ಅಳತಿ ತಗೋರಿ, ಎರಡೂ ಸರಿ ಇರಬೇಕು, ಐದಾರು ಎಂಎಂ ಫರಕ್ ಬಂತಂದ್ರ ಬರದಿಟ್ಕೋರಿ. ಹಳೇ ಬಡಿಗ್ಯಾ ಕೂರಿಸೂವಾಗಲೇ ಸೊಟ್ಟ ಮಾಡಿರಬಹುದು, ಅದಕ್ಕ ಒಂದು ಅಳತಿಯಿಂದ ತೀರ್ಮಾನ ಬ್ಯಾಡ, ಮತ್ತ ಎರಡು ಮೂರು ತಿಂಗಳಿಗೆ ಅಳೀರಿ, ಬದಲಾತಂದ್ರ ಗ್ವಾಡಿ ಆಡಾಕ ಹತ್ತೈತಿ ಅಂತ ಅರ್ಥ.

ಸೀಳಿಗೂ ಹಂಗ. ತುದಿ ಎಲ್ಲಿ ನಿಂತೈತೋ ಅಲ್ಲಿ ಪೆನ್ಸಿಲ್‌ಲೆ ಅಡ್ಡ ಗೆರಿ ಹೊಡದು ತಾರೀಖ ಬರೀರಿ. ನಡುವ ಎರಡೂ ಕಡೆ ಒಂದೊಂದು ಚುಕ್ಕಿ ಇಟ್ಟು ಅವುಗಳ ನಡುವಿನ ಅಳತಿ ಬರೀರಿ, ಬಾಜೂಕ ಸ್ಕೇಲ್ ಇಟ್ಟು ಫೋಟೋ ತಗೀರಿ. ಮಳಿಗಾಲ ಮುಗದ ಮ್ಯಾಲೆ ಒಮ್ಮೆ, ಏಪ್ರಿಲ್ ಮೇ ಬಿಸಿಲಿನಾಗ ಒಮ್ಮೆ. ಬ್ಯಾಸಿಗ್ಯಾಗ ಬಾಯಿ ಬಿಟ್ಟು ಮಳಿಗಾಲದಾಗ ಕೂಡಿಕೊಂಡ್ರ, ಇಲ್ಲಾ ತಿರುಗಾಮುರುಗಾ ಆದ್ರ, ಅದು ಮಣ್ಣಿನ ಆಟ. ವೈಟ್ ಸಿಮೆಂಟ್ ತುಂಬಿದ್ರ ಈ ಆಟ ನಿಲ್ಲಂಗಿಲ್ಲ, ಬಿರುಸು ಸಿಮೆಂಟ್ ಮುಂದಿನ ವರ್ಷ ಉದುರಿ ಬೀಳ್ತೈತಿ, ನಡುವಿನ ವರ್ಷ ನಿಮಗ ಸೀಳು ಬೆಳೀತೋ ಇಲ್ಲೋ ಅಂತ ಕಾಣದಂಗ ಆಗ್ತೈತಿ. ಗದಗ ರೋಡಿನ ಕಡೆ ಒಂದು ಮನ್ಯಾಗ ದೀಪಾವಳಿಗೆ ಸುಣ್ಣಾ ಬಣ್ಣಾ ಅಂತ ವರ್ಷಾ ತುಂಬತಿದ್ರು, ಮಳಿ ಬಂದ ಕೂಡ್ಲೆ ಮತ್ತ ಬಾಯಿ ಬಿಡತಿತ್ತು. ಕಡೀಕ ನೋಡಿದ್ರ ಆ ಮೂಲಿಗೆ ಹೊಂದಿ ಬಚ್ಚಲ ನೀರಿನ ಚೇಂಬರ್ ಒಡದು ವರ್ಷಾನುಗಟ್ಟಲೆ ನೀರು ಪಾಯಾಕ್ಕ ಕುಡಸಾಕ ಹತ್ತಿತ್ತು. ಚೇಂಬರ್ ರಿಪೇರಿ ಆತು, ಒಂದು ವರ್ಷ ಕಾದ್ರು, ಆಮ್ಯಾಲೆ ತುಂಬಿದ ಸೀಳು ಹಂಗ ನಿಂತೈತಿ. ನಿಮ್ಮ ಮಗಳ ಮನ್ಯಾಗೂ ಬಚ್ಚಲ ಹಿಂದಿನ ಗ್ವಾಡಿ ಹಸಿ ಅಂತೀರಲ್ಲ, ಆ ಬಚ್ಚಲ ಈ ಬೆಡ್‌ರೂಮಿಗೆ ಎಷ್ಟು ದೂರ ಐತಿ ನೋಡ್ರಿ.

ಹೊರಗ ಒಂದು ಸುತ್ತು ಹಾಕ್ರಿ. ಮಾಳಿಗಿ ನೀರಿನ ಪೈಪ್ ಪಾಯಾದ ಬುಡಕ್ಕ ಬಂದು ಬೀಳ್ತೈತೇನು, ಬಿದ್ರ ಒಂದು ಬೆಂಡ್ ಒಂದು ಉದ್ದ ಪೈಪ್ ಹಚ್ಚಿ ದೂರ ಬಿಡಸ್ರಿ, ಇದು ನಿಮ್ಮ ಕೈಲೆ ಆಗೋ ಕೆಲಸ, ನೆಲದ ಮ್ಯಾಲೆ ನಿಂತು ಮಾಡೋದು. ಗ್ವಾಡಿಗೆ ಹೊಂದಿ ಬೇವಿನ ಗಿಡ, ಅಶ್ವತ್ಥ ಇದ್ರ ಬ್ಯಾಸಿಗ್ಯಾಗ ಅವು ಪಾಯಾದ ಕೆಳಗಿನ ನೀರು ಹೀರ್ತಾವ, ಆದ್ರ ದೊಡ್ಡ ಗಿಡಾನ ಒಮ್ಮೆಲೆ ಕಡದ್ರ ಮಣ್ಣಿನಾಗ ನೀರು ಉಳದು ಉಬ್ಬೋದು ಶುರುವಾಗ್ತೈತಿ, ಕೇಳದ ಕಡಸಬ್ಯಾಡ್ರಿ. ಗ್ವಾಡಿ ಬುಡಕ್ಕ ಕೈತೋಟ ಮಾಡಿ ದಿನಾ ನೀರು ಹಾಕೋದೂ ಚಲೋ ಅಲ್ಲ, ಮಗಳಿಗೆ ಈ ಮಾತು ಹೇಳಿದ್ರ ಬ್ಯಾಸರಾಗಬಹುದು. ಮನಿ ಸುತ್ತ ಮೂರು ನಾಕು ಫೂಟ್ ಅಗಲ ಕಾಂಕ್ರೀಟ್ ಪಟ್ಟಿ, ಹೊರಗ ಇಳಿಜಾರು ಇರೋ ಹಂಗ ಹಾಕಿಸಿದ್ರ ಪಾಯಾದ ಮಣ್ಣಿನಾಗ ತೇವ ವರ್ಷಪೂರ್ತಿ ಒಂದೇ ಹದದಾಗ ಉಳೀತೈತಿ. ಎರಿ ಭೂಮ್ಯಾಗಿನ ಹಳೇ ಮನಿಗೆ ಇದಕ್ಕಿಂತ ಅಗ್ಗದ ಔಷಧ ನಾ ಕಂಡಿಲ್ಲ.

ಸೀಳು 5 ಎಂಎಂ ದಾಟಿದ್ರ, ಎರಡು ಅಳತಿ ನಡುವ ಬೆಳದಿದ್ರ, ಹೊಸಾ ಸೀಳು ಬೀಮಿಗೆ ಕಂಬಕ್ಕ ಬಂದಿದ್ರ ಗೌಂಡಿನ ಬಿಟ್ಟು ಸ್ಟ್ರಕ್ಚರಲ್ ಎಂಜಿನಿಯರ್ ಕರೀರಿ. ನಿಮ್ಮ ತಾರೀಖ ಹಾಕಿದ ಅಳತಿ, ಫೋಟೋ ಅವರ ಮುಂದ ಇಟ್ರ ಒಂದು ಭೇಟಿಯೊಳಗ ಹೇಳ್ತಾರ, ಇಲ್ಲಂದ್ರ ಅವರೂ ವರ್ಷ ಕಾದು ನೋಡೋಣು ಅಂತಾರ. ವರ್ಷ ಕಳದು ಅಳತಿ ಅಲ್ಲೇ ನಿಂತಿದ್ರ ಸೀಳನ್ನ ಸ್ವಲ್ಪ ಅಗಲ ಮಾಡಿ ಧೂಳ ಝಾಡಿಸಿ ಹಿಗ್ಗೋ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬರಿ, ಮ್ಯಾಲೆ ಜಾಳಗಿ ಪಟ್ಟಿ ಹಚ್ಚಿ ಪುಟ್ಟಿ.

ಬಾಗಲಕ್ಕ ಮಾತ್ರ ಈಗ ಹತ್ತರಿ ಹಚ್ಚಬ್ಯಾಡ್ರಿ. ಮಳಿಗಾಲದಾಗ ಕೆತ್ತಿಸಿದ ಬಾಗಲಾ ಬ್ಯಾಸಿಗ್ಯಾಗ ಒಣಗಿ ಒಂದು ಬೆರಳು ಸಂದಿ ಬಿಡತೈತಿ, ಹೋದ ಕಟ್ಟಿಗಿ ತಿರುಗಿ ಬರಂಗಿಲ್ಲ. ಹಿಡಿಯೋ ಜಾಗಾಕ್ಕ ಮೇಣ ಉಜ್ಜಿ ದಿನಾ ದೂಡ್ರಿ, ಕಬ್ಜಾದ ಸ್ಕ್ರೂ ಸಡಿಲ ಇದ್ರ ಬಿಗಿ ಮಾಡ್ರಿ, ಎಷ್ಟೋ ಸಲ ಅಷ್ಟಕ್ಕ ಸರಿ ಹೋಗ್ತೈತಿ. ಸಂಕ್ರಾಂತಿ ಆದ ಮ್ಯಾಲೂ ಹಿಡದ್ರ ಆಗ ಬಡಿಗ್ಯಾನ್ನ ಕರಸ್ರಿ, ಬಾಗಲಾ ಇಳಿಸಿದಾಗ ಮ್ಯಾಲಿನ ಮತ್ತ ಕೆಳಗಿನ ಅಂಚಿಗೂ ವಾರ್ನಿಶ್ ಹೊಡಸ್ರಿ, ಅವೆರಡು ಅಂಚು ಯಾರಿಗೂ ಕಾಣಂಗಿಲ್ಲ ಅಂತ ಬಿಟ್ಟಿರ್ತಾರ, ನೀರು ಹೀರೋದು ಅಲ್ಲಿಂದನ.